ಗಾಳಿಯ ತಪ್ಪೆಷ್ಟು, ನನ್ನ ತಪ್ಪೆಷ್ಟು?

ಹೋದ ವರ್ಷ ಜುಲೈನಲ್ಲಿ ನಮ್ಮ ಎನ್‌ಸಿಸಿ ಕ್ಯಾಂಪಿನ ಫೈರಿಂಗ್ ದಿನ. ಪಾಯಿಂಟ್ ಟೂ ಟೂ ರೈಫಲ್, 25 ಮೀಟರ್ ದೂರ, ಮಲಗಿ ಹೊಡೆಯಬೇಕು, ಐದು ಗುಂಡು. ಶೂಟಿಂಗ್ ತಂಡಕ್ಕೆ ಅವತ್ತೇ ಆಯ್ಕೆ. ನಾನು ಹೊಡೆದ ಐದೂ ಗುಂಡು ಒಂದು ನಿಂಬೆಹಣ್ಣಿನಷ್ಟು ಜಾಗದಲ್ಲಿ ಒಟ್ಟಿಗೆ ಬಿದ್ದಿದ್ದವು. ಆದರೆ ಆ ನಿಂಬೆಹಣ್ಣು ಗುರಿಯ ನಡುವಿನಿಂದ 6 ಸೆಂಟಿಮೀಟರ್ ಎಡಕ್ಕಿತ್ತು. ಆಯ್ಕೆ ಆಗಲಿಲ್ಲ.

ಹವಾಲ್ದಾರ್ ಸಾಹೇಬ್ರು ಟಾರ್ಗೆಟ್ ಹಾಳೆ ಕೈಗೆ ಕೊಟ್ಟು "ಯಾಕಪಾ ಹಿಂಗಾತು?" ಅಂದ್ರು. "ಗಾಳಿ ಭಾಳ ಇತ್ರಿ ಸರ್, ಬಲಗಡೆಯಿಂದ ಬೀಸ್ತಿತ್ತು" ಅಂದೆ. ಸುಳ್ಳೇನಲ್ಲ. ರೇಂಜು ದಕ್ಷಿಣಕ್ಕೆ ಮುಖ ಮಾಡಿತ್ತು, ಮುಂಗಾರಿನ ಗಾಳಿ ಪಡುವಣದಿಂದ ನುಗ್ಗುತ್ತಿತ್ತು. ಅವರು ನಕ್ಕು ಒಂದೇ ಮಾತು ಹೇಳಿದ್ರು: "ಇಂಜಿನಿಯರಿಂಗ್ ಓದ್ತೀಯಲ್ಲ, ಗಾಳಿದು ಎಷ್ಟು, ನಿಂದು ಎಷ್ಟು ಅಂತ ಲೆಕ್ಕ ಮಾಡಿಕೊಂಡು ಬಾ."

ಆ ಲೆಕ್ಕ ಮಾಡಲು ನನಗೆ ಒಂದು ವಾರ ಹಿಡಿಯಿತು. ಆ ವಾರದಲ್ಲಿ ಕಲಿತದ್ದೇ ಈ ಲೇಖನ. ಬೇಕಾದದ್ದು ಎರಡೇ ವಿಷಯ: ಕೋನವನ್ನು ಅಳೆಯೋದು, ಗಾಳಿಯನ್ನು ಅಳೆಯೋದು. ಎರಡೂ ನಮ್ಮ ಫಸ್ಟ್ ಇಯರ್ ಗಣಿತಕ್ಕಿಂತ ಮೇಲಿನವಲ್ಲ.

ಮೊದಲು ಕೋನ

ಗುರಿ ತಪ್ಪಿದ್ದನ್ನು ಸೆಂಟಿಮೀಟರಿನಲ್ಲಿ ಹೇಳಿದರೆ ಅರ್ಧ ಮಾತು ಹೇಳಿದ ಹಾಗೆ. 25 ಮೀಟರಿನಲ್ಲಿ 6 ಸೆಂ.ಮೀ. ತಪ್ಪೋದು ಬೇರೆ, 500 ಮೀಟರಿನಲ್ಲಿ 6 ಸೆಂ.ಮೀ. ತಪ್ಪೋದು ಬೇರೆ. ಮೊದಲನೆಯದು ಸೋಲು, ಎರಡನೆಯದು ಸಾಧನೆ. ರೈಫಲ್ ನಿಜವಾಗಿ ಮಾಡುವ ತಪ್ಪು ಕೋನದ ತಪ್ಪು. ನಳಿಗೆ ಎಷ್ಟು ಕೋನ ತಿರುಗಿತ್ತು ಅನ್ನೋದೇ ಪ್ರಶ್ನೆ. ಅದಕ್ಕೇ ಶೂಟಿಂಗಿನಲ್ಲಿ ಎಲ್ಲವನ್ನೂ ಕೋನದಲ್ಲಿ ಮಾತಾಡುತ್ತಾರೆ. ಎರಡು ಅಳತೆಗಳಿವೆ.

ಒಂದು, ಮಿನಿಟ್ ಆಫ್ ಆ್ಯಂಗಲ್. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಇಡೀ ವೃತ್ತಕ್ಕೆ 360 × 60, ಅಂದ್ರೆ 21,600 ಮಿನಿಟ್. ಇದು 100 ಮೀಟರ್ ದೂರದಲ್ಲಿ ಸುಮಾರು 2.9 ಸೆಂ.ಮೀ. ಅಗಲ ಆಗುತ್ತದೆ, 500 ಮೀಟರಿನಲ್ಲಿ 14.5 ಸೆಂ.ಮೀ.

ಇನ್ನೊಂದು, ಮಿಲ್, ಅಂದ್ರೆ ಮಿಲಿರೇಡಿಯನ್. ರೇಡಿಯನ್ ಅಂದ ಕೂಡಲೇ ಪಿಯುಸಿ ನೆನಪಾಗಿ ಗಾಬರಿ ಬೀಳಬೇಡಿ. ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸಿದರೆ ಬರುವುದೇ ರೇಡಿಯನ್. ಅದರ ಸಾವಿರದ ಒಂದು ಭಾಗ ಮಿಲ್. ಹಾಗಾಗಿ 1000 ಮೀಟರ್ ದೂರದಲ್ಲಿ 1 ಮೀಟರ್ ಅಗಲ ಕಂಡರೆ ಅದು 1 ಮಿಲ್. 100 ಮೀಟರಿನಲ್ಲಿ 10 ಸೆಂ.ಮೀ., 25 ಮೀಟರಿನಲ್ಲಿ 2.5 ಸೆಂ.ಮೀ. ಕ್ಯಾಲ್ಕುಲೇಟರೇ ಬೇಡ, ದಶಮಾಂಶ ಬಿಂದು ಸರಿಸಿದರೆ ಸಾಕು. 1 ಮಿಲ್ ಅಂದರೆ ಸುಮಾರು 3.44 ಮಿನಿಟ್.

ಇಡೀ ವೃತ್ತಕ್ಕೆ ಲೆಕ್ಕದ ಪ್ರಕಾರ 6,283 ಮಿಲ್ ಬರಬೇಕು, ಎರಡು ಪೈ ಗುಣಿಸು ಸಾವಿರ. ಆದರೆ ನಮ್ಮ ಎನ್‌ಸಿಸಿ ಮ್ಯಾಪ್ ರೀಡಿಂಗ್ ಪಾಠದಲ್ಲಿ 6,400 ಅಂತ ಹೇಳಿಕೊಡ್ತಾರೆ. ಯಾರೂ ತಪ್ಪು ಹೇಳಿಲ್ಲ. 6,400 ಅನ್ನು ಎರಡರಿಂದ ಭಾಗಿಸುತ್ತಾ ಹೋದರೂ ಬಹಳ ದೂರದ ತನಕ ಪೂರ್ಣಸಂಖ್ಯೆಯೇ ಉಳಿಯುತ್ತದೆ, ದಿಕ್ಸೂಚಿಯ ಮೇಲೆ ಗೆರೆ ಹಾಕಲು ಅನುಕೂಲ. ವ್ಯತ್ಯಾಸ ಎರಡು ಪರ್ಸೆಂಟಿಗಿಂತ ಕಡಿಮೆ. ದಿಕ್ಕು ನೋಡೋಕೆ ಇದು ನಡೆಯುತ್ತದೆ. ಆದರೆ ಪರೀಕ್ಷೆಯಲ್ಲಿ ಗಣಿತದ ಮಿಲ್ ಬೇರೆ, ಸೈನ್ಯದ ಮಿಲ್ ಬೇರೆ ಅನ್ನೋದು ನೆನಪಿರಲಿ.

ಏಕ್ ಮಿನಾರಿನ ಮೇಲೆ ಒಂದು ಪ್ರಯೋಗ

ಕೋನ ಗೊತ್ತಿದ್ದರೆ ದೂರವೂ ಸಿಗುತ್ತದೆ. ರಾಯಚೂರಿನಲ್ಲಿ ಇದಕ್ಕೆ ಬಹಮನಿ ಕಾಲದ ಏಕ್ ಮಿನಾರಿಗಿಂತ ಒಳ್ಳೆಯ ಸಾಮಗ್ರಿ ಇಲ್ಲ. 1513ರ ಈ ಮಿನಾರಿನ ಎತ್ತರ ಸುಮಾರು 65 ಅಡಿ, ಅಂದ್ರೆ ಹತ್ತಿರ ಹತ್ತಿರ 20 ಮೀಟರ್.

ಸೂತ್ರ ಇಷ್ಟೇ: ವಸ್ತುವಿನ ಎತ್ತರವನ್ನು ಮೀಟರಿನಲ್ಲಿ ಹಿಡಿದು ಸಾವಿರದಿಂದ ಗುಣಿಸಿ, ಅದು ಎಷ್ಟು ಮಿಲ್ ಕಾಣುತ್ತದೋ ಅದರಿಂದ ಭಾಗಿಸಿ. ಬರುವ ಉತ್ತರವೇ ಮೀಟರಿನಲ್ಲಿ ದೂರ. ಮಿನಾರು 20 ಮಿಲ್ ಕಂಡರೆ ನೀವು 1000 ಮೀಟರ್ ದೂರದಲ್ಲಿದ್ದೀರಿ. 40 ಮಿಲ್ ಕಂಡರೆ 500 ಮೀಟರ್.

ಬೈನಾಕ್ಯುಲರ್ ಇಲ್ಲವಾ? ಕೈ ಇದೆಯಲ್ಲ. ತೋಳನ್ನು ಪೂರ್ತಿ ಚಾಚಿ ಕಿರುಬೆರಳನ್ನು ಅಡ್ಡ ಹಿಡಿದರೆ ಅದರ ಅಗಲ ಸುಮಾರು 1 ಡಿಗ್ರಿ, ಅಂದಾಜು 17 ಮಿಲ್. ಹೆಬ್ಬೆರಳು ಸುಮಾರು 2 ಡಿಗ್ರಿ. ಮುಷ್ಟಿ ಸುಮಾರು 10 ಡಿಗ್ರಿ. ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ, ಅಂದ್ರೆ 30 ಮಿನಿಟ್. ಕಿರುಬೆರಳಿನ ಹಿಂದೆ ಮಿನಾರು ಪೂರ್ತಿ ಮರೆಯಾದರೆ ನೀವು ಒಂದು ಕಿಲೋಮೀಟರಿಗೂ ಸ್ವಲ್ಪ ಆಚೆ ಇದ್ದೀರಿ. ಕೋಟೆಯ ಗುಡ್ಡ ಹತ್ತಿ ಒಮ್ಮೆ ಮಾಡಿ ನೋಡಿ, ಆಮೇಲೆ ಮೊಬೈಲಿನ ಮ್ಯಾಪಿನಲ್ಲಿ ತಾಳೆ ಹಾಕಿ. ಗುಡ್ಡದ ಮೇಲಿಂದ ಸುತ್ತ ನೋಡಿದರೆ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿಗಾಗಿ ಯಾಕೆ ಅಷ್ಟು ರಾಜರು ಬಡಿದಾಡಿದರು ಅನ್ನೋದೂ ಸ್ವಲ್ಪ ಅರ್ಥ ಆಗುತ್ತದೆ.

ಈಗ ಗಾಳಿ

ಇಲ್ಲಿ ನಾನು ಮೊದಲು ಎಡವಿದ್ದೆ. ನೀವೂ ಎಡವುತ್ತೀರಿ ಅನ್ನೋ ನಂಬಿಕೆ ನನಗಿದೆ.

ಒಂದು ಉದಾಹರಣೆ. ದೊಡ್ಡ ರೈಫಲ್ ಒಂದರ ಗುಂಡು ನಳಿಗೆಯಿಂದ ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಟಿತು. 500 ಮೀಟರ್ ದೂರ ತಲುಪಲು 0.77 ಸೆಕೆಂಡ್ ಹಿಡಿಯಿತು. ಪಕ್ಕದಿಂದ ಸೆಕೆಂಡಿಗೆ 4 ಮೀಟರ್ ಗಾಳಿ. ಗುಂಡು ಎಷ್ಟು ಪಕ್ಕಕ್ಕೆ ಜರುಗುತ್ತದೆ?

ನನ್ನ ಮೊದಲ ಉತ್ತರ: 4 × 0.77, ಅಂದ್ರೆ 3 ಮೀಟರಿಗೂ ಹೆಚ್ಚು. ಗಾಳಿ ಹೊತ್ತುಕೊಂಡು ಹೋಗುತ್ತದಲ್ಲ!

ತಪ್ಪು. ಗುಂಡು ಹೊಳೆಯಲ್ಲಿ ಬಿದ್ದ ಎಲೆಯಲ್ಲ. ಹಳ್ಳಿಯವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ದೇವದುರ್ಗ ತಾಲೂಕಿನ ನನ್ನ ರೂಮ್‌ಮೇಟ್ ಹೇಳಿದ: "ಲೇ, ಕಣದಾಗ ಜ್ವಾಳ ತೂರೋದು ನೋಡೀಯಿಲ್ಲೋ? ಗಾಳಿ ಎರಡಕ್ಕೂ ಒಂದೇ. ಕಾಳು ಕಾಲ ಬುಡಕ್ಕೇ ಬೀಳ್ತದ, ಹೊಟ್ಟು ಅಷ್ಟು ದೂರ ಹೋಗ್ತದ." ಗಾಳಿ ಬಂದಾಗ ತೂರಿಕೋ ಅನ್ನೋ ಗಾದೆ ಬದುಕಿನ ಬುದ್ಧಿ ಅಂದುಕೊಂಡಿದ್ದೆ, ಒಳಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಇದೆ. ಗಾಳಿಯ ವೇಗವಷ್ಟೇ ಸಾಲದು. ಆ ವಸ್ತುವಿನ ಮೇಲೆ ಗಾಳಿಯ ಹಿಡಿತ ಎಷ್ಟು, ಅದರ ತೂಕ ಎಷ್ಟು ಅನ್ನೋದೂ ಬೇಕು.

ಸರಿಯಾದ ಸೂತ್ರವನ್ನು ಮೂರೇ ಹೆಜ್ಜೆಯಲ್ಲಿ ಹುಟ್ಟಿಸಬಹುದು. ಗುರುತ್ವವನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಹೆಜ್ಜೆ ಒಂದು. ನೀವು ಗಾಳಿಯ ಜೊತೆಗೇ ತೇಲುತ್ತಿದ್ದೀರಿ ಅಂದುಕೊಳ್ಳಿ. ನಿಮಗೆ ಗಾಳಿ ನಿಂತ ಹಾಗೆ ಕಾಣುತ್ತದೆ. ಆದರೆ ಗುಂಡು ನೇರ ಹೋಗದೆ ಗಾಳಿಗೆ ಎದುರಾಗಿ ಸ್ವಲ್ಪ ಓರೆಯಾಗಿ ಹೊರಟಂತೆ ಕಾಣುತ್ತದೆ. ಆ ಓರೆ, ಗಾಳಿಯ ವೇಗ ಭಾಗಿಸು ಗುಂಡಿನ ಆರಂಭದ ವೇಗ.

ಹೆಜ್ಜೆ ಎರಡು. ನಿಂತ ಗಾಳಿಯಲ್ಲಿ ಎಳೆತದ ಬಲ ಗುಂಡಿನ ದಾರಿಗೆ ಸರಿಯಾಗಿ ವಿರುದ್ಧ ದಿಕ್ಕಿನಲ್ಲಿರುತ್ತದೆ. ಅದು ಗುಂಡನ್ನು ನಿಧಾನ ಮಾಡುತ್ತದೆ, ದಿಕ್ಕು ಬದಲಿಸುವುದಿಲ್ಲ. ಹಾಗಾಗಿ ಗುಂಡು ಆ ಓರೆಗೆರೆಯಲ್ಲೇ ಕೊನೆತನಕ ಹೋಗುತ್ತದೆ. ಗುರಿ ಮುಟ್ಟುವಾಗ ಅದು ಗಾಳಿಗೆ ಎದುರು ದಿಕ್ಕಿನಲ್ಲಿ ಸರಿದಿರುವುದು ಗಾಳಿಯ ವೇಗ × ದೂರ ÷ ಆರಂಭದ ವೇಗ.

ಹೆಜ್ಜೆ ಮೂರು. ಅಷ್ಟರಲ್ಲಿ ಗಾಳಿ ತಾನೇ ಗಾಳಿಯ ವೇಗ × ಕಾಲದಷ್ಟು ಮುಂದೆ ಹೋಗಿದೆ. ಎರಡನ್ನೂ ಕೂಡಿಸಿ. ಉತ್ತರ:

ಜರುಗು = ಗಾಳಿಯ ವೇಗ × (ನಿಜವಾಗಿ ಹಿಡಿದ ಕಾಲ − ದೂರ ÷ ಆರಂಭದ ವೇಗ)

ಕಂಸದೊಳಗೆ ಇರುವುದು ಏನು ನೋಡಿ. ಗಾಳಿಯೇ ಇಲ್ಲದ ನಿರ್ವಾತದಲ್ಲಿ ಎಷ್ಟು ಹೊತ್ತಿಗೆ ಮುಟ್ಟುತ್ತಿತ್ತೋ ಅದಕ್ಕಿಂತ ಎಷ್ಟು ತಡವಾಯಿತು, ಅಷ್ಟೇ. ಗುಂಡು ಜರುಗುವುದು ಅದರ ಪಯಣದ ಹೊತ್ತಿಗೆ ತಕ್ಕಂತೆ ಅಲ್ಲ, ಅದರ ತಡಕ್ಕೆ ತಕ್ಕಂತೆ.

ನಮ್ಮ ಉದಾಹರಣೆಯಲ್ಲಿ 500 ÷ 800 = 0.625. ತಡ 0.77 − 0.625 = 0.145 ಸೆಕೆಂಡ್. ಜರುಗು 4 × 0.145 = 0.58 ಮೀಟರ್. ಮೂರು ಮೀಟರಲ್ಲ, 58 ಸೆಂಟಿಮೀಟರ್. ಕೋನದಲ್ಲಿ 1.16 ಮಿಲ್, ಅಥವಾ 4 ಮಿನಿಟ್. ಸೈಟಿನ ತಿರುಪು ಕ್ಲಿಕ್ಕಿಗೆ ಕಾಲು ಮಿನಿಟ್ ಸರಿಯುವಂಥದ್ದಾದರೆ 16 ಕ್ಲಿಕ್, ಕ್ಲಿಕ್ಕಿಗೆ 0.1 ಮಿಲ್ ಸರಿಯುವಂಥದ್ದಾದರೆ 12 ಕ್ಲಿಕ್.

ಇನ್ನೊಂದು ಮಾತು. ಈ ಉದಾಹರಣೆಯಲ್ಲಿ ಗಾಳಿಯ ಅಂದಾಜು ಸೆಕೆಂಡಿಗೆ 1 ಮೀಟರ್ ತಪ್ಪಿದರೆ ಗುಂಡು 14.5 ಸೆಂ.ಮೀ., ಸರಿಯಾಗಿ ಒಂದು ಮಿನಿಟ್, ತಪ್ಪುತ್ತದೆ. ಭೂಮಿ ತಿರುಗುವುದರಿಂದ ಆಗುವ ಕೊರಿಯೋಲಿಸ್ ಪರಿಣಾಮದ ಬಗ್ಗೆ ಸಿನಿಮಾದಲ್ಲಿ ಭಾರಿ ಡೈಲಾಗ್ ಇರುತ್ತದೆ. ರಾಯಚೂರಿನ ಅಕ್ಷಾಂಶ 16 ಡಿಗ್ರಿಯ ಆಸುಪಾಸು ಹಿಡಿದು ಲೆಕ್ಕ ಹಾಕಿದರೆ ಇದೇ ಗುಂಡಿಗೆ ಅದು 500 ಮೀಟರಿನಲ್ಲಿ 1 ಸೆಂಟಿಮೀಟರೂ ಬರುವುದಿಲ್ಲ. ದೊಡ್ಡ ತಪ್ಪನ್ನು ಬಿಟ್ಟು ಸಣ್ಣದರ ಹಿಂದೆ ಬೀಳಬಾರದು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಗಾಳಿಯನ್ನು ಓದುವುದು

ಎಲ್ಲ ಗಾಳಿಯೂ ಅಡ್ಡಗಾಳಿಯಲ್ಲ. ಗುಂಡಿನ ದಾರಿಗೆ 90 ಡಿಗ್ರಿಯಲ್ಲಿ ಬೀಸಿದರೆ ಪೂರ್ತಿ ಲೆಕ್ಕ. 45 ಡಿಗ್ರಿಯಲ್ಲಿ ಬೀಸಿದರೆ 0.7 ಪಾಲು, 30 ಡಿಗ್ರಿಯಲ್ಲಿ ಅರ್ಧ. ಸೈನ್ ಬೆಲೆಗಳು, ಅಷ್ಟೇ. 45 ಡಿಗ್ರಿಗೆ ಅರ್ಧ ಅಂತ ಅಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು.

ವೇಗಕ್ಕೆ ಬ್ಯೂಫೋರ್ಟ್ ಮಾಪಕ ಇದೆ, ಅದನ್ನು ನಮ್ಮ ಕಡೆಯ ಗುರುತಿಗೆ ಹೊಂದಿಸಿಕೊಳ್ಳಬಹುದು. ಮುಖಕ್ಕೆ ಗಾಳಿ ತಾಕುತ್ತದೆ, ಬೇವಿನ ಎಲೆ ಸರಸರ ಅನ್ನುತ್ತದೆ: ಸೆಕೆಂಡಿಗೆ 2 ರಿಂದ 3 ಮೀಟರ್. ಎಲೆ, ಸಣ್ಣ ಕಡ್ಡಿ ನಿಲ್ಲದೆ ಅಲ್ಲಾಡುತ್ತವೆ, ಹಗುರ ಧ್ವಜ ಬಿಚ್ಚಿಕೊಳ್ಳುತ್ತದೆ: 3.5 ರಿಂದ 5. ಧೂಳು, ಕಾಗದದ ಚೂರು ಮೇಲೇಳುತ್ತವೆ: 5.5 ರಿಂದ 8.

ನಾನು ಮಾನ್ವಿ ಕಡೆಯವನು, ಕಾಲುವೆ ನೀರಿನ ಭತ್ತದ ಸೀಮೆ. ತೆನೆ ಬಂದ ಗದ್ದೆಯ ಮೇಲೆ ಗಾಳಿ ಬರುವುದು ಅಲೆಯಾಗಿ ಕಣ್ಣಿಗೇ ಕಾಣುತ್ತದೆ. ಒಂದು ಗದ್ದೆ ಬಾಗಿದಾಗ ಪಕ್ಕದ್ದು ನಿಂತಿರುತ್ತದೆ. ಅಂದ್ರೆ ಗುಂಡಿನ ದಾರಿಯುದ್ದಕ್ಕೂ ಗಾಳಿ ಒಂದೇ ಇರುವುದಿಲ್ಲ. ದೇವದುರ್ಗದ ಕಡೆ ಕಲ್ಲುಗುಡ್ಡಗಳಿರುವಲ್ಲಿ ಇನ್ನೂ ಕಷ್ಟ, ಗುಡ್ಡದ ಮರೆಯಲ್ಲಿ ಗಾಳಿ ಸತ್ತಿರುತ್ತದೆ, ಮರೆ ದಾಟಿದರೆ ನುಗ್ಗುತ್ತದೆ. ಇಂಥ ಕಡೆ ಯಾವ ಗಾಳಿಯನ್ನು ನಂಬಬೇಕು? ಸಾಮಾನ್ಯವಾಗಿ ಹೊಡೆಯುವವನ ಹತ್ತಿರದ ಗಾಳಿಗೆ ಹೆಚ್ಚು ತೂಕ. ಅಲ್ಲಿ ಸಿಕ್ಕ ಸಣ್ಣ ಓರೆ ಉಳಿದ ದೂರವೆಲ್ಲ ಬೆಳೆಯುತ್ತಾ ಹೋಗುತ್ತದೆ. ಗುರಿಯ ಹತ್ತಿರ ಸಿಕ್ಕ ಓರೆಗೆ ಬೆಳೆಯಲು ಜಾಗವೇ ಇಲ್ಲ.

ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲೂ ಪಾಠ ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೆಲದ ಮೇಲೆ ಕುದಿಯುವ ಬಿಸಿಲ್ಗುದುರೆಯನ್ನು ಗಮನಿಸಿ. ಗಾಳಿ ಇಲ್ಲದಿದ್ದರೆ, ಅಥವಾ ನೇರ ಎದುರಿನಿಂದ ಇಲ್ಲವೇ ಬೆನ್ನಿನಿಂದ ಬಂದರೆ ಅದು ನೇರ ಮೇಲೇಳುತ್ತದೆ. ಅಡ್ಡಗಾಳಿ ಇದ್ದರೆ ಗಾಳಿಯ ದಿಕ್ಕಿಗೆ ಹರಿಯುತ್ತದೆ. ಬಿಸಿ ಗಾಳಿ ತೆಳುವೂ ಹೌದು. 42 ಡಿಗ್ರಿ ಬಿಸಿಲು, ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಎತ್ತರ, ಎರಡನ್ನೂ ಹಿಡಿದರೆ 15 ಡಿಗ್ರಿಯ ಕಡಲತೀರದ ಗಾಳಿಗಿಂತ ಇಲ್ಲಿನ ಗಾಳಿಯ ಸಾಂದ್ರತೆ ಅಂದಾಜು 13 ಪರ್ಸೆಂಟ್ ಕಡಿಮೆ. ಎಳೆತ ಕಡಿಮೆ, ತಡ ಕಡಿಮೆ, ಜರುಗೂ ಕಡಿಮೆ.

ನಮ್ಮ ಕೋಟೆಗೋಡೆಯ ಮುಂದೆ, 1520

ದೂರದಿಂದ ಗುರಿಯಿಟ್ಟು ಹೊಡೆಯುವುದರ ಹಳೆಯ ದಾಖಲೆಯೊಂದು ನಮ್ಮ ಊರಿನದೇ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದ. ಕೋಟೆ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಪೋರ್ಚುಗೀಸ್ ವರ್ತಕ ಫರ್ನಾವೊ ನೂನಿಜ್ ಬರೆದಿಟ್ಟ ವೃತ್ತಾಂತದ ಪ್ರಕಾರ, ಕ್ರಿಸ್ತೋವಾವ್ ದ ಫಿಗೆಯ್ರೆದೊ ಎಂಬವನ ಜೊತೆ ಬಂದ ಪೋರ್ಚುಗೀಸ್ ಬಂದೂಕುಗಾರರು ಗೋಡೆಯ ಮೇಲೆ ತಲೆ ಎತ್ತಿದವರನ್ನು ಹೊಡೆಯತೊಡಗಿದರು. ಮೇಲಿನವರು ತಲೆ ಎತ್ತಲಾರದಾದಾಗ ಕೆಳಗೆ ರಾಯನ ಸೈನಿಕರು ಗೋಡೆಯ ಕಲ್ಲು ಕೀಳಲು ದಾರಿಯಾಯಿತು. ಕೊನೆಗೆ ಏನಾಗುತ್ತಿದೆ ಎಂದು ನೋಡಲು ಬಾಗಿದ ಕೋಟೆಯ ಅಧಿಪತಿಯ ಹಣೆಗೇ ಗುಂಡು ತಾಕಿತು, ಕೋಟೆ ಶರಣಾಯಿತು.

ಆ ಬಂದೂಕಿನ ಗುಂಡು ಉರುಟಾದ ಸೀಸದ ಉಂಡೆ. ಇವತ್ತಿನ ಚೂಪು ಗುಂಡಿಗಿಂತ ಬೇಗ ವೇಗ ಕಳೆದುಕೊಳ್ಳುವಂಥದ್ದು, ಅಂದ್ರೆ ನಮ್ಮ ಸೂತ್ರದಲ್ಲಿ ತಡ ಜಾಸ್ತಿ. ಗೋಡೆಗೆ ಹತ್ತಿರ ಇದ್ದದ್ದರಿಂದಲೇ ಅದು ನಡೆಯಿತು. ಗಾಳಿ ಗುಂಡನ್ನು ಎಷ್ಟು ತಡೆಯುತ್ತದೆ ಅನ್ನೋದನ್ನು ಸರಿಯಾಗಿ ಅಳೆಯಲು ಇನ್ನೂ ಇನ್ನೂರು ವರ್ಷ ಬೇಕಾಯಿತು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ತೂಗುವ ಲೋಲಕಕ್ಕೆ ಗುಂಡು ಹೊಡೆದು, ಲೋಲಕ ಎಷ್ಟು ಹಿಂದೆ ಸರಿಯಿತು ಅನ್ನೋದರಿಂದ ಗುಂಡಿನ ವೇಗ ಕಂಡುಹಿಡಿದ. ಬೇರೆ ಬೇರೆ ದೂರದಲ್ಲಿ ವೇಗ ಅಳೆದಾಗ ಗಾಳಿಯ ತಡೆ ಎಲ್ಲರೂ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಅಂತ ಗೊತ್ತಾಯಿತು. ನಮ್ಮ ಮೆಕ್ಯಾನಿಕ್ಸ್ ಪುಸ್ತಕದಲ್ಲಿ ಬರುವ ಬ್ಯಾಲಿಸ್ಟಿಕ್ ಪೆಂಡ್ಯುಲಮ್ ಲೆಕ್ಕ ಇದೇ. ಆ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಇಂಜಿನಿಯರ್ ಆಗಿ ಭಾರತಕ್ಕೆ ಬಂದು 1751ರಲ್ಲಿ ಕಡಲೂರಿನ ಫೋರ್ಟ್ ಸೇಂಟ್ ಡೇವಿಡ್‌ನಲ್ಲಿ ತೀರಿಕೊಂಡ.

ಕೋಟೆಗೆ ಹೋದಾಗ ಆ ಗೋಡೆಯ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಲೆಕ್ಕ ಎಷ್ಟೇ ಚೆಂದ ಇರಲಿ, ಆ ತುದಿಯಲ್ಲಿ ಒಬ್ಬ ಮನುಷ್ಯ ಇದ್ದ. ಇವತ್ತು ನಮಗೆ ಆ ತುದಿಯಲ್ಲಿ ಕಾಗದ ಇದೆ, ಅದು ಕಾಗದವೇ ಆಗಿರಲಿ. ಬಂದೂಕು ಮುಟ್ಟುವ ಆಸೆ ಇದ್ದವರಿಗೆ ಎನ್‌ಸಿಸಿ ಇದೆ, ರೈಫಲ್ ಕ್ಲಬ್ ಇದೆ. ಅದರಾಚೆ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ.

ನನ್ನ ಟಾರ್ಗೆಟ್ ಹಾಳೆ

ಈಗ ನನ್ನ ಆರು ಸೆಂಟಿಮೀಟರಿಗೆ ಬರೋಣ.

ಪಾಯಿಂಟ್ ಟೂ ಟೂ ಗುಂಡು ಹೊರಡುವ ವೇಗ ಸೆಕೆಂಡಿಗೆ ಸುಮಾರು 330 ಮೀಟರ್ ಅಂತ ಹಿಡಿಯೋಣ. 25 ಮೀಟರಿನ ದಾರಿಯಲ್ಲಿ ಸರಾಸರಿ ವೇಗ 322. ನಿಜವಾದ ಕಾಲ 25 ÷ 322 = 0.0776 ಸೆಕೆಂಡ್. ನಿರ್ವಾತದ ಕಾಲ 25 ÷ 330 = 0.0758. ತಡ 0.0019 ಸೆಕೆಂಡಿನ ಹತ್ತಿರ. ಎಲೆ ಅಲ್ಲಾಡುತ್ತಿತ್ತು, ಧ್ವಜ ಬಿಚ್ಚಿಕೊಂಡಿತ್ತು, ಆದ್ದರಿಂದ ಗಾಳಿ ಸೆಕೆಂಡಿಗೆ 4 ಮೀಟರ್. ಜರುಗು 0.0075 ಮೀಟರ್.

ಏಳೂವರೆ ಮಿಲಿಮೀಟರ್!

60 ಮಿಲಿಮೀಟರಿನಲ್ಲಿ ಗಾಳಿಯ ಪಾಲು ಏಳೂವರೆ. ಉಳಿದ ಐವತ್ತೆರಡೂವರೆ ನನ್ನದು. ಗಾಳಿ ನನ್ನ ಅಂದಾಜಿನ ಎರಡರಷ್ಟೇ ಇತ್ತು ಅಂದುಕೊಂಡರೂ ಅದರ ಪಾಲು 15 ಮಿಲಿಮೀಟರ್ ದಾಟುವುದಿಲ್ಲ.

ಹಾಗಾದರೆ ನಾನು ಮಾಡಿದ ತಪ್ಪೇನು? ಅದನ್ನೂ ಕೋನವೇ ಹೇಳುತ್ತದೆ. 52.5 ಮಿಲಿಮೀಟರ್ ಭಾಗಿಸು 25 ಮೀಟರ್, 2.1 ಮಿಲ್. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವಿನ ದೂರ 60 ಸೆಂ.ಮೀ. ಹಿಡಿದರೆ, 2.1 ಮಿಲ್ ಅಂದ್ರೆ ಮುಂದಿನ ಸೈಟಿನ ತುದಿ ನಡುವಿನಿಂದ ಕೇವಲ 1.3 ಮಿಲಿಮೀಟರ್ ಎಡಕ್ಕೆ ಇತ್ತು. ಒಂದು ಅಕ್ಕಿಕಾಳಿನ ಅಗಲಕ್ಕೂ ಕಡಿಮೆ. ಐದೂ ಗುಂಡು ಒಂದೇ ಕಡೆ ಬಿದ್ದದ್ದೂ ಅದಕ್ಕೇ: ಕೈ ಅಲುಗಿರಲಿಲ್ಲ, ಉಸಿರು ಸರಿ ಇತ್ತು, ಆದರೆ ಐದು ಸಲವೂ ಅದೇ ತಪ್ಪನ್ನು ಅಚ್ಚುಕಟ್ಟಾಗಿ ಮಾಡಿದ್ದೆ. ಗಾಳಿ ಕಾರಣವಾಗಿದ್ದರೆ, ಅದು ಏರಿಳಿಯುತ್ತಿದ್ದ ಹಾಗೆ ಗುಂಡುಗಳೂ ಅಡ್ಡಕ್ಕೆ ಚದುರುತ್ತಿದ್ದವು.

ಇದೇ ಗಾಳಿಯನ್ನು 50 ಮೀಟರಿಗೆ ಒಯ್ದರೆ ಕಥೆ ಬೇರೆ. ದೂರ ಎರಡರಷ್ಟಾದರೆ ಜರುಗು ಹತ್ತಿರ ಹತ್ತಿರ ನಾಲ್ಕರಷ್ಟು, ಅಂದ್ರೆ 3 ಸೆಂ.ಮೀ. 50 ಮೀಟರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿಲಿಮೀಟರ್, ಒಂದು ಉಂಗುರದಿಂದ ಇನ್ನೊಂದಕ್ಕೆ 8 ಮಿಲಿಮೀಟರ್. 3 ಸೆಂಟಿಮೀಟರ್ ಅಂದರೆ ಮೂರ್ನಾಲ್ಕು ಅಂಕ ಹೋಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ. ಅಂಥವರು ಗಾಳಿ ಅಂದರೆ ಒಪ್ಪಬೇಕು. 25 ಮೀಟರಿನಲ್ಲಿ ನಾನು ಗಾಳಿ ಅಂದರೆ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಲೆಕ್ಕದ ಹಾಳೆಯನ್ನು ಹವಾಲ್ದಾರ್ ಸಾಹೇಬ್ರಿಗೆ ತೋರಿಸಿದೆ. ಸೂತ್ರವನ್ನು ಅವರು ನೋಡಲೇ ಇಲ್ಲ, ಕೊನೆಯ ಸಾಲು ನೋಡಿದ್ರು. "ಏಳೂವರೆ ಅಂದ್ಯಾ? ನಾ ಎಂಟು ಅಂದ್ಕೊಂಡಿದ್ದೆ" ಅಂದ್ರು. ಆಮೇಲೆ ಸೈಟಿನ ತುದಿಯನ್ನು ನಡುವಿಗೆ ತರೋದು ಹೇಗೆ, ಕಣ್ಣು ಗುರಿಯ ಮೇಲಲ್ಲ, ತುದಿಯ ಮೇಲೆ ಇರಬೇಕು ಅನ್ನೋದನ್ನು ಖಾಲಿ ರೈಫಲಿನಲ್ಲಿ ಅರ್ಧ ಗಂಟೆ ಹೇಳಿಕೊಟ್ರು.

ಲ್ಯಾಬಿನಲ್ಲಿ ರೀಡಿಂಗ್ ತಪ್ಪಿದಾಗ "ಇನ್‌ಸ್ಟ್ರುಮೆಂಟ್ ಎರರ್" ಅಂತ ಬರೆದು ಕೈತೊಳೆದುಕೊಳ್ಳುವ ನಾವೆಲ್ಲ ಒಮ್ಮೆ ಈ ಲೆಕ್ಕ ಮಾಡಬೇಕು. ತಪ್ಪಿಗೆ ಹೊರಗಿನ ಕಾರಣ ಇದ್ದೇ ಇರುತ್ತದೆ. ಅದರ ಪಾಲು ಎಷ್ಟು ಅಂತ ಅಂಕಿಯಲ್ಲಿ ಬರೆದಾಗ ಉಳಿದದ್ದು ಯಾರದು ಅನ್ನೋದು ತಾನೇ ಗೊತ್ತಾಗುತ್ತದೆ.

ಓದಿದವರಿಗೆ ಎರಡು ಲೆಕ್ಕ. ಒಂದು: ನಮ್ಮ ಕೋಟೆಗೋಡೆಯಲ್ಲಿ 1294ರ ಶಾಸನವಿರುವ, 41 ಅಡಿಗೂ ಉದ್ದದ ಆ ಒಂದೇ ಕಲ್ಲು ಅಡ್ಡಲಾಗಿ 50 ಮಿಲ್ ಕಾಣಬೇಕಾದರೆ ಎಷ್ಟು ದೂರ ನಿಲ್ಲಬೇಕು? ಎರಡು: ಮೇಲಿನ 500 ಮೀಟರ್ ಉದಾಹರಣೆಯಲ್ಲಿ ಗಾಳಿ ಸೆಕೆಂಡಿಗೆ 6 ಮೀಟರ್, ಆದರೆ ಗುಂಡಿನ ದಾರಿಗೆ 30 ಡಿಗ್ರಿ ಓರೆ. ಎಷ್ಟು ಮಿನಿಟ್ ತಿದ್ದಬೇಕು? ಉತ್ತರ ಸಿಕ್ಕವರು ಕ್ಯಾಂಟೀನಿನಲ್ಲಿ ಸಿಗಿ, ಚಹಾ ನನ್ನ ಲೆಕ್ಕದಲ್ಲಿ.